ಡ್ರೋನ್‌ಗೆ ಇಎಂಐ ಟೆಸ್ಟ್: ಬೆಂಚು, ಬಯಲು, ಚೇಂಬರ್ – ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು?

ಮಂಡ್ಯ ಕಡೆ ಒಂದು ಭತ್ತದ ಗದ್ದೆ. ಹತ್ತು ಲೀಟರ್ ಟ್ಯಾಂಕಿನ ಸ್ಪ್ರೇ ಡ್ರೋನ್. ಟ್ಯಾಂಕ್ ಖಾಲಿ ಇದ್ದಾಗ ಗಾಳಿಯಲ್ಲಿ ಗೂಟ ಹೊಡೆದ ಹಾಗೆ ನಿಂತಿತ್ತು. ಔಷಧಿ ತುಂಬಿಸಿ ಮೇಲೆತ್ತಿದ ಕೂಡಲೇ ಸುತ್ತು ಹೊಡೆಯಲು ಶುರು ಮಾಡಿತು, ಒಂದೊಂದು ಸುತ್ತೂ ಮೊದಲಿಗಿಂತ ದೊಡ್ಡದು. ಬದುವಿನ ಮೇಲೆ ಆರೇಳು ಜನ ನಿಂತು ನೋಡುತ್ತಿದ್ದರು. ಪೈಲಟ್ ತಕ್ಷಣ ಮೋಡ್ ಬದಲಾಯಿಸಿ, ಜಿಪಿಎಸ್ ಸಹಾಯ ಬಿಟ್ಟು, ಕೈಯಲ್ಲೇ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಡ್ರೋನ್ ಒಂದು ತಿಂಗಳ ಹಿಂದಷ್ಟೇ ಲ್ಯಾಬಿನಲ್ಲಿ ಇಎಂಐ ಟೆಸ್ಟ್, ಅಂದರೆ ವಿದ್ಯುತ್ಕಾಂತೀಯ ಗದ್ದಲದ ಪರೀಕ್ಷೆ, ಪಾಸಾಗಿ ಬಂದಿತ್ತು. ರಿಪೋರ್ಟ್ ನಮ್ಮ ಜೀಪಿನಲ್ಲೇ ಇತ್ತು.

ಕಾರಣ ಸಿಕ್ಕಿದ್ದು ಸಂಜೆ, ಮೇಲಿನ ಮುಚ್ಚಳ ಬಿಚ್ಚಿದಾಗ. ಬ್ಯಾಟರಿಯ ಪ್ಲಸ್ ವೈರು ಜಿಪಿಎಸ್ ಕಂಬದ ಬುಡದಲ್ಲೇ, ಕಂಪಾಸಿನಿಂದ ಐದು ಸೆಂಟಿಮೀಟರ್ ದೂರದಲ್ಲಿ ಹಾದುಹೋಗಿತ್ತು. ಮೈನಸ್ ವೈರು ಫ್ರೇಮಿನ ಆ ಕಡೆಯಿಂದ ಬಂದಿತ್ತು. ಲೆಕ್ಕ ಹಾಕಿ ನೋಡಿ. ಒಂದು ವೈರಿನಲ್ಲಿ 40 ಆಂಪಿಯರ್ ಹರಿದರೆ ಐದು ಸೆಂಟಿಮೀಟರ್ ದೂರದಲ್ಲಿ 160 ಮೈಕ್ರೋಟೆಸ್ಲಾ ಕಾಂತಕ್ಷೇತ್ರ ಏಳುತ್ತದೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರವೇ ಸುಮಾರು 40 ಮೈಕ್ರೋಟೆಸ್ಲಾ. ಕಂಪಾಸು ಉತ್ತರ ದಿಕ್ಕನ್ನು ಹುಡುಕುವುದು ಹೇಗೆ? ಟ್ಯಾಂಕ್ ತುಂಬಿದಷ್ಟೂ ಕರೆಂಟ್ ಜಾಸ್ತಿ, ಕರೆಂಟ್ ಜಾಸ್ತಿಯಾದಷ್ಟೂ ದಿಕ್ಕು ತಪ್ಪುತ್ತದೆ. ಲ್ಯಾಬಿನಲ್ಲಿ ಪ್ರೊಪೆಲರ್ ಬಿಚ್ಚಿ ಮೋಟರ್ ತಿರುಗಿಸಿದ್ದರು, ಹೊರೆ ಇಲ್ಲದ ಮೋಟರು ಒಂದೆರಡು ಆಂಪಿಯರ್ ಎಳೆದರೆ ಹೆಚ್ಚು. ತಪ್ಪು ಅಲ್ಲಿ ಕಾಣುವುದಕ್ಕೆ ಸಾಧ್ಯವೇ ಇರಲಿಲ್ಲ. ಲ್ಯಾಬಿನವರದ್ದೂ ತಪ್ಪಲ್ಲ, ನಾವು ಕೇಳಿದ್ದನ್ನು ಅವರು ಅಳೆದುಕೊಟ್ಟಿದ್ದರು. ಕೇಳಬೇಕಾದ್ದನ್ನು ನಾವು ಕೇಳಿರಲಿಲ್ಲ.

ಹಾಗಾಗಿ ಯಾವ ಟೆಸ್ಟ್, ಎಲ್ಲಿ, ಯಾವ ಸ್ಟ್ಯಾಂಡರ್ಡ್ ಅಂತ ಹೋಲಿಸುವ ಮುಂಚೆ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಡ್ರೋನ್ ತನ್ನನ್ನೇ ತಾನು ಕೆಡಿಸಿಕೊಳ್ಳುತ್ತಿದೆಯಾ? ಹೊರಗಿನ ಟವರು, ರೇಡಾರು, ಹೈಟೆನ್ಷನ್ ಲೈನು ಅದನ್ನು ಕೆಡಿಸುತ್ತವಾ? ಅದು ಅಕ್ಕಪಕ್ಕದ ರೇಡಿಯೋ, ಟಿವಿ, ಮೊಬೈಲನ್ನು ಕೆಡಿಸುತ್ತದಾ? ಸರ್ಟಿಫಿಕೇಟಿನ ಕಾಗದಕ್ಕೆ ಮುಖ್ಯ ಮೂರನೆಯದು. ಡ್ರೋನ್ ನೆಲಕ್ಕೆ ಬೀಳುವುದು ಜಾಸ್ತಿ ಮೊದಲನೆಯದರಿಂದ, ಆಮೇಲೆ ಎರಡನೆಯದರಿಂದ. ನನ್ನ ಪ್ರಕಾರ ದುಡ್ಡನ್ನೂ ಅದೇ ಕ್ರಮದಲ್ಲಿ ಹಾಕಬೇಕು. ತುಂಬಾ ಜನ ತಿರುಗಾ ಮುರುಗಾ ಮಾಡುತ್ತಾರೆ, ನಾವೂ ಮಾಡಿದ್ದೆವು.

ಬೆಂಚಿನ ಮೇಲೆ: ಅಗ್ಗ, ಆದರೆ ಏನು ಹೇಳುತ್ತದೆ ಅಂತ ಗೊತ್ತಿರಬೇಕು

ಸಣ್ಣ ತಂಡಕ್ಕೆ, ಕಾಲೇಜಿನ ಪ್ರಾಜೆಕ್ಟಿಗೆ, ಹೊಸ ಸ್ಟಾರ್ಟಪ್‌ಗೆ ಮೊದಲ ಖರ್ಚು ಇಲ್ಲೇ ಆಗಬೇಕು. ಒಂದು ಟೈನಿಎಸ್‌ಎ ತರಹದ ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರಮ್ ಅನಲೈಸರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಗದ್ದಲ ಅಂತ ತೋರಿಸುವ ಯಂತ್ರ), ಒಂದೆರಡು ನಿಯರ್‌ಫೀಲ್ಡ್ ಪ್ರೋಬ್ (ಹತ್ತಿರದಿಂದ ಗದ್ದಲ ಹಿಡಿಯುವ ಸಣ್ಣ ಸುರುಳಿ), ಅಷ್ಟು ಸಾಕು. ಪ್ರೋಬನ್ನು ಕೋಆಕ್ಸ್ ಕೇಬಲ್ ತುಂಡನ್ನು ಸುತ್ತಿ ನೀವೇ ಮಾಡಿಕೊಳ್ಳಬಹುದು. ಹಳೆಯ ಟೈನಿಎಸ್‌ಎ 960 ಮೆಗಾಹರ್ಟ್ಸ್ ತನಕ ಮಾತ್ರ ನೋಡುತ್ತದೆ, ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ಅದಕ್ಕೆ ಸಿಗುವುದಿಲ್ಲ. ಅದಕ್ಕೆ ಅಲ್ಟ್ರಾ ಮಾಡೆಲ್ ಬೇಕು, ಇಲ್ಲವೇ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ರೇಡಿಯೋ ರಿಸೀವರ್) ಆದರೂ ನಡೆಯುತ್ತದೆ.

ಪ್ರೋಬ್ ಹಿಡಿದು ಬೋರ್ಡಿನ ಮೇಲೆ ಓಡಾಡಿಸಿದರೆ ಗದ್ದಲ ಎಲ್ಲಿಂದ ಹುಟ್ಟುತ್ತಿದೆ ಅಂತ ಬೆರಳಿಟ್ಟು ತೋರಿಸುತ್ತದೆ: ಈ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್), ಈ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಬೋರ್ಡ್), ಈ ಕ್ಯಾಮೆರಾ ಕೇಬಲ್. ಆದರೆ ಆ ಅಂಕಿಯನ್ನು ಹಿಡಿದುಕೊಂಡು ಸ್ಟ್ಯಾಂಡರ್ಡಿನ ಲಿಮಿಟ್ ಒಳಗಿದ್ದೇವೆ ಅಂತ ಹೇಳುವ ಹಾಗಿಲ್ಲ. ಹತ್ತಿರದ ಕ್ಷೇತ್ರಕ್ಕೂ ಮೂರು ಮೀಟರ್ ಆಚೆಯ ಕ್ಷೇತ್ರಕ್ಕೂ ನೇರ ಲೆಕ್ಕ ಕೂಡುವುದಿಲ್ಲ. ನಿನ್ನೆಗಿಂತ ಇವತ್ತು ಕಡಿಮೆಯಾಯಿತಾ, ಫೆರೈಟ್ (ಕೇಬಲಿನ ಗದ್ದಲ ತಡೆಯುವ ಉಂಗುರ) ಹಾಕಿದ ಮೇಲೆ ಇಳಿಯಿತಾ, ಇಷ್ಟಕ್ಕೆ ಮಾತ್ರ ಅದನ್ನು ನಂಬಿ.

ಬೆಂಚಿನ ಟೆಸ್ಟುಗಳಲ್ಲಿ ನಾನು ಯಾರಿಗೂ ಬಿಡಬೇಡಿ ಅನ್ನುವುದು ಜಿಪಿಎಸ್ ಟೆಸ್ಟ್. ಖರ್ಚು ಸೊನ್ನೆ. ಡ್ರೋನನ್ನು ತಾರಸಿಗೆ ತೆಗೆದುಕೊಂಡು ಹೋಗಿ, ಜಿಪಿಎಸ್ ಮಾಡ್ಯೂಲ್ ಮಾತ್ರ ಆನ್ ಮಾಡಿ, ಹತ್ತು ನಿಮಿಷ ಬಿಡಿ. ಯು-ಸೆಂಟರ್ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಉಪಗ್ರಹದ ಸಿಗ್ನಲ್ ಬಲ ಕಂಬ ಕಂಬವಾಗಿ ಕಾಣುತ್ತದೆ. ಒಳ್ಳೆಯವು 40ರಿಂದ 45 ಡಿಬಿ-ಹರ್ಟ್ಸ್ ಹತ್ತಿರ ಇರುತ್ತವೆ. ಬರೆದುಕೊಳ್ಳಿ. ಈಗ ಒಂದೊಂದೇ ಆನ್ ಮಾಡುತ್ತಾ ಬನ್ನಿ: ಫ್ಲೈಟ್ ಕಂಟ್ರೋಲರ್, ವಿಡಿಯೋ ಟ್ರಾನ್ಸ್‌ಮಿಟರ್, ಕಂಪ್ಯಾನಿಯನ್ ಕಂಪ್ಯೂಟರ್, ಕ್ಯಾಮೆರಾ. ನಮ್ಮ ಒಂದು ಮ್ಯಾಪಿಂಗ್ ಡ್ರೋನ್‌ನಲ್ಲಿ ಯುಎಸ್‌ಬಿ 3 ಕೇಬಲ್ ಚುಚ್ಚಿದ ಮರುಕ್ಷಣ ಎಲ್ಲಾ ಕಂಬಗಳೂ ಒಟ್ಟಿಗೆ ಕುಸಿದವು, ಕೇಬಲ್ ಕಿತ್ತರೆ ಮತ್ತೆ ಎದ್ದವು. ಅದನ್ನು ಕಣ್ಣಾರೆ ನೋಡಿದ ಮೇಲೆ ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ. ನೆಲಕ್ಕೆ ಬರುವ ಜಿಪಿಎಸ್ ಸಿಗ್ನಲ್ ಸುಮಾರು ಮೈನಸ್ 130 ಡಿಬಿಎಂ, ಅಂದರೆ ಒಂದು ಮಿಲಿವಾಟ್‌ನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು. ಪಕ್ಕದಲ್ಲೇ 5 ಗಿಗಾಬಿಟ್ ವೇಗದಲ್ಲಿ ಓಡುವ ಕೇಬಲ್ ಇದ್ದರೆ ಅದರ ಗದ್ದಲದಲ್ಲಿ ಇದು ಮುಳುಗಿಹೋಗುತ್ತದೆ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ರೇಡಿಯೋಗಳನ್ನೂ ಕೆಡಿಸುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದಿತ್ತು. ರಿಮೋಟ್ ಲಿಂಕ್ ಕೂಡ ಹೆಚ್ಚಾಗಿ ಅಲ್ಲೇ ಇರುತ್ತದೆ. ನಾವು ಒಳ್ಳೆ ಶೀಲ್ಡ್ ಇರುವ ಗಿಡ್ಡ ಕೇಬಲ್ ಹಾಕಿ, ಕನೆಕ್ಟರಿಗೆ ತಾಮ್ರದ ಟೇಪ್ ಸುತ್ತಿ, ಜಿಪಿಎಸ್ ಮಾಡ್ಯೂಲ್ ಕೂರುವ ಕಂಬವನ್ನು ಹತ್ತು ಸೆಂಟಿಮೀಟರ್ ಎತ್ತರಿಸಿದೆವು. ಅಲ್ಲಿಗೆ ಮುಗಿಯಿತು.

ಬಯಲಿನಲ್ಲಿ: ನಿಜವಾದ ಕರೆಂಟ್ ಹರಿಯುವುದು ಇಲ್ಲಿ ಮಾತ್ರ

ಬಯಲು ಅಂದರೆ ಎರಡು ಬೇರೆ ವಿಷಯ, ಜನ ಸೇರಿಸಿಬಿಡುತ್ತಾರೆ. ಒಂದು, ಡ್ರೋನನ್ನು ನೆಲಕ್ಕೆ ಕಟ್ಟಿ ಪೂರ್ತಿ ಥ್ರಾಟಲ್ ಕೊಟ್ಟು ನೋಡುವುದು. ಇನ್ನೊಂದು, ಓಪನ್ ಏರಿಯಾ ಟೆಸ್ಟ್ ಸೈಟ್ ಅಂತ ಕರೆಯುವ, ಲೋಹದ ನೆಲಹಾಸು ಇರುವ, ಆಂಟೆನಾ ಇಟ್ಟು ಅಳೆಯುವ ಜಾಗ.

ಮೊದಲನೆಯದನ್ನು ಮಾಡದೆ ಡ್ರೋನ್ ಕೊಡಬೇಡಿ. ಆರ್ಡುಪೈಲಟ್ ಅನ್ನುವ ಫ್ಲೈಟ್ ಕಂಟ್ರೋಲರ್ ಸಾಫ್ಟ್‌ವೇರ್ ಬಳಸುವವರಿಗೆ ಕಂಪಾಸ್‌ಮಾಟ್ ಅನ್ನುವ ಸೌಲಭ್ಯ ಅದರಲ್ಲೇ ಇದೆ. ಪ್ರೊಪೆಲರ್‌ಗಳನ್ನು ಮಗುಚಿ, ಒಂದೊಂದನ್ನೂ ಪಕ್ಕದ ಮೋಟರಿಗೆ ಸರಿಸಿ ಹಾಕಿದರೆ ಡ್ರೋನ್ ಮೇಲೇಳುವ ಬದಲು ನೆಲಕ್ಕೆ ಒತ್ತಿಕೊಳ್ಳುತ್ತದೆ. ಆಮೇಲೆ ಥ್ರಾಟಲ್ ನಿಧಾನವಾಗಿ ಏರಿಸಿದರೆ ಕರೆಂಟ್ ಏರಿದ ಹಾಗೆ ಕಂಪಾಸ್ ಎಷ್ಟು ತಪ್ಪುತ್ತದೆ ಅಂತ ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. 30ರ ಒಳಗೆ ಬಂದರೆ ಚೆನ್ನಾಗಿದೆ, 60 ದಾಟಿದರೆ ಕಂಪಾಸನ್ನೋ ವೈರನ್ನೋ ಜಾಗ ಬದಲಿಸಲೇಬೇಕು. ಆದರೂ ಹಗ್ಗದಿಂದ ಕಟ್ಟಿ, ಜನರನ್ನು ದೂರ ನಿಲ್ಲಿಸಿ. ನಮ್ಮ ಮಂಡ್ಯದ ಡ್ರೋನ್‌ಗೆ ಈ ಟೆಸ್ಟ್ ಅರ್ಧ ಗಂಟೆಯ ಕೆಲಸ ಆಗಿರುತ್ತಿತ್ತು. ಪ್ಲಸ್ ಮೈನಸ್ ಎರಡನ್ನೂ ಜಡೆ ಹಾಕಿದ ಹಾಗೆ ಒಟ್ಟಿಗೆ ಹೆಣೆದರೆ ಒಂದರ ಕ್ಷೇತ್ರವನ್ನು ಇನ್ನೊಂದು ಕಳೆಯುತ್ತದೆ, ನಾವು ಕೊನೆಗೆ ಮಾಡಿದ್ದೂ ಅಷ್ಟೇ.

ಎರಡನೆಯದು, ಓಪನ್ ಸೈಟು, ಊರ ಹತ್ತಿರ ಈಗ ಕಷ್ಟ. ಬೆಂಗಳೂರಿನ ಆಸುಪಾಸಿನಲ್ಲಿ ಆಂಟೆನಾ ಎತ್ತಿದರೆ ಡ್ರೋನ್ ಆನ್ ಮಾಡುವ ಮುಂಚೆಯೇ 101.3ರಲ್ಲಿ ಎಫ್‌ಎಂ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ, ಆಮೇಲೆ ಸಾಲಾಗಿ ಮೊಬೈಲ್ ಬ್ಯಾಂಡುಗಳು ಗೋಪುರದ ಹಾಗೆ ನಿಂತಿರುತ್ತವೆ. ಎಲೆಕ್ಟ್ರಾನಿಕ್ ಸಾಮಾನು ಎಷ್ಟು ಗದ್ದಲ ಹೊರಡಿಸಬಹುದು ಅಂತ ಹೇಳುವ ಸಿಸ್ಪರ್ 32 ಸ್ಟ್ಯಾಂಡರ್ಡಿನ ಕ್ಲಾಸ್ ಬಿ (ಮನೆ ಬಳಕೆಯ) ಲಿಮಿಟ್ ಮೂರು ಮೀಟರ್ ದೂರದಲ್ಲಿ 230 ಮೆಗಾಹರ್ಟ್ಸ್ ತನಕ 40 ಡಿಬಿ ಮೈಕ್ರೋವೋಲ್ಟ್ ಪ್ರತಿ ಮೀಟರ್. ಅಂದರೆ ಮೀಟರಿಗೆ 100 ಮೈಕ್ರೋವೋಲ್ಟ್. ರೇಡಿಯೋ ಸ್ಟೇಷನ್ ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿರುವ ಜಾಗದಲ್ಲಿ ಡ್ರೋನ್‌ನ ಸಣ್ಣ ಗದ್ದಲ ಕೇಳಿಸುವುದಿಲ್ಲ. ಡ್ರೋನ್‌ಗೆ ಈ ಎಫ್‌ಎಂ ಬ್ಯಾಂಡಿನ ಸುತ್ತಮುತ್ತಲೇ ತೊಂದರೆ ಜಾಸ್ತಿ ಅನ್ನುವುದು ಇನ್ನೊಂದು ಕಷ್ಟ: ಅರ್ಧ ಮೀಟರ್ ತೋಳಿನ ಒಳಗೆ ಹೋಗುವ ವೈರು 150 ಮೆಗಾಹರ್ಟ್ಸ್‌ಗೆ ಸರಿಯಾಗಿ ಕಾಲು ತರಂಗದ ಆಂಟೆನಾ ಆಗುತ್ತದೆ, ತೋಳು ಇನ್ನೂ ಉದ್ದ ಇದ್ದರೆ ನೇರ ಎಫ್‌ಎಂ ಒಳಕ್ಕೇ ಇಳಿಯುತ್ತದೆ. ದೂರದ ಹಳ್ಳಿಯಲ್ಲಿ ಜಾಗ ಇದ್ದವರು ಪ್ರಯತ್ನಿಸಿ. ಉಳಿದವರಿಗೆ ಚೇಂಬರೇ ವಾಸಿ.

ಚೇಂಬರ್, ಜಿಟೆಮ್, ರಿವರ್ಬ್

ಜಿಟೆಮ್ ಸೆಲ್ ಅಂದರೆ ಒಂದು ಮೂಲೆಯಿಂದ ಅಗಲವಾಗುತ್ತಾ ಹೋಗುವ ಲೋಹದ ಪೆಟ್ಟಿಗೆ. ಬಾಡಿಗೆ ಕಡಿಮೆ, ಬೇಗ ಮುಗಿಯುತ್ತದೆ. ಆದರೆ ಒಳಗೆ ಸಮನಾದ ಕ್ಷೇತ್ರ ಇರುವ ಜಾಗ ಚಿಕ್ಕದು. ಎರಡು ಕಿಲೋ ಒಳಗಿನ ಮೈಕ್ರೋ ಡ್ರೋನ್, ಬಿಡಿ ಫ್ಲೈಟ್ ಕಂಟ್ರೋಲರ್, ಬಿಡಿ ಇಎಸ್‌ಸಿ, ಇವಕ್ಕೆ ಚೆನ್ನಾಗಿದೆ. ಒಂದೂವರೆ ಮೀಟರ್ ಹರಡಿಕೊಳ್ಳುವ ಹೆಕ್ಸಾಕಾಪ್ಟರನ್ನು ತೋಳು ಮಡಚಿ ತುರುಕಿ ಅಳೆದರೆ ಆ ಅಂಕಿಗೆ ಅರ್ಥವೇ ಇಲ್ಲ. ತೋಳುಗಳೇ ಅಲ್ವಾ ಆಂಟೆನಾ?

ಸೆಮಿ ಅನೆಕೋಯಿಕ್ ಚೇಂಬರ್ ಎಲ್ಲರಿಗೂ ಗೊತ್ತಿರುವುದು: ಗೋಡೆ ತುಂಬಾ ಚೂಪು ಚೂಪಾದ ಕಪ್ಪು ಫೋಮು, ಲೋಹದ ನೆಲ, ತಿರುಗುವ ಮೇಜು, ಒಂದರಿಂದ ನಾಲ್ಕು ಮೀಟರ್ ಎತ್ತರಕ್ಕೆ ಏರಿ ಇಳಿಯುವ ಆಂಟೆನಾ. ಸರ್ಟಿಫಿಕೇಟಿಗೆ ಬೇಕಾದ ರಿಪೋರ್ಟ್ ಬೇಕಾದರೆ ಇಲ್ಲಿಗೇ ಬರಬೇಕು, ಲ್ಯಾಬಿಗೆ ಎನ್‌ಎಬಿಎಲ್ (ಟೆಸ್ಟ್ ಲ್ಯಾಬುಗಳನ್ನು ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ, ನಿಮಗೆ ಬೇಕಾದ ಆ ನಿರ್ದಿಷ್ಟ ಟೆಸ್ಟ್ ಅವರ ಮಾನ್ಯತೆಯ ಪಟ್ಟಿಯಲ್ಲಿದೆಯಾ, ಎರಡನ್ನೂ ನೋಡಿ. ನಮ್ಮ ಕಡೆಯವರು ಚೆನ್ನೈನಲ್ಲಿರುವ ಸಮೀರ್ ಸಂಸ್ಥೆಯ ಕೇಂದ್ರದ ತನಕ ಹೋಗುವುದೂ ಉಂಟು.

ಆದರೆ ಚೇಂಬರ್ ಹುಟ್ಟಿದ್ದು ಮೇಜಿನ ಮೇಲೆ ಕೂರುವ ಸಾಮಾನಿಗೆ. ಡ್ರೋನ್ ಹಾಗಲ್ಲ. ಅದರ ಹೊಟ್ಟೆಯಡಿಯಿಂದ ಹೊರಡುವ ಗದ್ದಲ ಕೆಳಕ್ಕೆ ಹೋಗುತ್ತದೆ, ಮೇಜು ಎಷ್ಟು ತಿರುಗಿದರೂ ಆಂಟೆನಾಕ್ಕೆ ನೇರವಾಗಿ ಸಿಗುವುದಿಲ್ಲ. ಹಾಗಾಗಿ ಡ್ರೋನನ್ನು ಮರದ ಚೌಕಟ್ಟಿಗೆ ಕಟ್ಟಿ, ಒಂದು ಸಲ ನೆಟ್ಟಗೆ, ಒಂದು ಸಲ ಪಕ್ಕಕ್ಕೆ, ಒಂದು ಸಲ ಮೂಗು ಮೇಲೆ ಮಾಡಿ ಅಳೆಯಿರಿ ಅಂತ ಮೊದಲೇ ಹೇಳಿ. ಅದರ ರೇಡಿಯೋನೇ ಜೋರಾಗಿ ಕಿರುಚುವುದರಿಂದ ಆ ಬ್ಯಾಂಡನ್ನು ಮಾತ್ರ ತಡೆಯುವ ನಾಚ್ ಫಿಲ್ಟರ್ ಇದೆಯಾ ಅಂತಲೂ ಕೇಳಿ. ಒಳಗೆ ಜಿಪಿಎಸ್ ಬರುವುದಿಲ್ಲ, ಜಿಪಿಎಸ್ ಇಲ್ಲದೆ ಎಷ್ಟೋ ಡ್ರೋನ್ ಆರ್ಮ್ ಆಗುವುದೇ ಇಲ್ಲ, ಅಂದರೆ ಮೋಟರ್ ತಿರುಗಿಸಲು ಒಪ್ಪುವುದೇ ಇಲ್ಲ. ಇದನ್ನು ಅಲ್ಲಿಗೆ ಹೋಗಿ ಕಂಡುಕೊಂಡರೆ ಚೇಂಬರಿನ ಗಂಟೆ ಲೆಕ್ಕದ ಬಾಡಿಗೆ ಸುಮ್ನೆ ಓಡುತ್ತಿರುತ್ತದೆ. ಟೆಸ್ಟಿಗೆಂದೇ ಒಂದು ಫರ್ಮ್‌ವೇರ್ ಸೆಟ್ಟಿಂಗ್ ಮಾಡಿಟ್ಟುಕೊಳ್ಳಿ, ಇಲ್ಲವಾದರೆ ಜಿಪಿಎಸ್ ಸಿಮ್ಯುಲೇಟರ್ ಇರುವ ಲ್ಯಾಬ್ ಹುಡುಕಿ.

ಮೋಟರಿಗೆ ಹೊರೆ ಕೊಡುವುದು ಹೇಗೆ ಅನ್ನುವುದು ದೊಡ್ಡ ಪ್ರಶ್ನೆ. ಪ್ರೊಪೆಲರ್ ಹಾಕಿ ಗಟ್ಟಿಯಾಗಿ ಕಟ್ಟಲು ಎಲ್ಲಾ ಲ್ಯಾಬೂ ಬಿಡುವುದಿಲ್ಲ, ಬಿಡದಿದ್ದರೆ ಅದು ಅವರ ಜಾಗ, ಅವರ ಜನರ ಸುರಕ್ಷತೆ. ಆಗ ಗಿಡ್ಡ ಬ್ಲೇಡ್ ಹಾಕಿ, ಅಥವಾ ಮೋಟರ್ ಶಾಫ್ಟಿಗೆ ಬ್ರೇಕ್ ಹೊರೆ ಕೊಡಿ, ಹಾರುವಾಗ ಎಳೆಯುವ ಕರೆಂಟಿನ ಅರ್ಧವಾದರೂ ಹರಿಯಲಿ. ಎಷ್ಟು ಆಂಪಿಯರ್‌ನಲ್ಲಿ ಅಳೆದದ್ದು ಅಂತ ರಿಪೋರ್ಟಿನಲ್ಲಿ ಬರೆಸಿ. ಈ ಒಂದು ಸಾಲು ಇಲ್ಲದ ಡ್ರೋನ್ ರಿಪೋರ್ಟನ್ನು ನಾನು ಈಗ ಓದುವುದೇ ಇಲ್ಲ.

ರಿವರ್ಬರೇಷನ್ ಚೇಂಬರ್ ಇದಕ್ಕೆ ಪೂರ್ತಿ ಉಲ್ಟಾ. ಬರೀ ಲೋಹದ ಗೋಡೆಗಳು, ಒಳಗೆ ತಿರುಗುವ ಲೋಹದ ರೆಕ್ಕೆ, ಅಲೆಗಳು ಎಲ್ಲಾ ಕಡೆಯಿಂದಲೂ ಬಂದು ಬಡಿಯುತ್ತವೆ. ಡ್ರೋನ್ ಯಾವ ಕಡೆ ಮುಖ ಮಾಡಿದೆ ಅನ್ನುವ ಪ್ರಶ್ನೆಯೇ ಇಲ್ಲ. ಕಡಿಮೆ ಶಕ್ತಿಯ ಆಂಪ್ಲಿಫೈಯರ್‌ನಿಂದ ಜೋರಾದ ಕ್ಷೇತ್ರ ಸಿಗುತ್ತದೆ. ಹೊರಗಿನ ಹೊಡೆತ ತಡೆಯುತ್ತದಾ ಅನ್ನುವ ಎರಡನೇ ಪ್ರಶ್ನೆಗೆ ಡ್ರೋನ್‌ಗೆ ಇದೇ ಸರಿ ಅಂತ ನನ್ನ ಅನಿಸಿಕೆ, ಯಾಕೆಂದರೆ ಹಾರುವ ವಸ್ತುವಿಗೆ ಹೊಡೆತ ಯಾವ ಕಡೆಯಿಂದಲೂ ಬರಬಹುದು. ಕೊರತೆ ಏನೆಂದರೆ ಕೋಣೆಯ ಅಳತೆಗಿಂತ ಉದ್ದದ ಅಲೆಗಳಿಗೆ, ಅಂದರೆ ಕೆಳಗಿನ ಫ್ರೀಕ್ವೆನ್ಸಿಗೆ, ಇದು ಕೆಲಸಕ್ಕೆ ಬಾರದು. ಯಾವ ಕಡೆಯಿಂದ ಬಂದ ಅಲೆಗೆ ಕೆಟ್ಟಿತು ಅಂತಲೂ ಹೇಳುವುದಿಲ್ಲ.

3 ವೋಲ್ಟಾ, 10 ವೋಲ್ಟಾ, 200 ವೋಲ್ಟಾ?

ಹೊರಗಿನ ರೇಡಿಯೋ ಅಲೆಗಳನ್ನು ಸಾಮಾನು ತಡೆಯುತ್ತದಾ ಅಂತ ನೋಡುವ ಐಇಸಿ 61000-4-3 ಸ್ಟ್ಯಾಂಡರ್ಡಿನಲ್ಲಿ ಮನೆ ಸಾಮಾನಿಗೆ ಮೀಟರಿಗೆ 3 ವೋಲ್ಟ್, ಕಾರ್ಖಾನೆ ಸಾಮಾನಿಗೆ 10 ವೋಲ್ಟ್ ಕ್ಷೇತ್ರದಲ್ಲಿ ಪರೀಕ್ಷೆ ಮಾಡುವುದು ರೂಢಿ. ಡ್ರೋನ್ ಮನೆ ಸಾಮಾನಾ? ಒಂದು ಮೊಬೈಲ್ ಟವರಿನ ಆಂಟೆನಾ ತನ್ನ ಮುಖದ ದಿಕ್ಕಿನಲ್ಲಿ 1000 ವಾಟ್ ಇಐಆರ್‌ಪಿ (ಆ ದಿಕ್ಕಿಗೆ ಲೆಕ್ಕಕ್ಕೆ ಬರುವ ಪ್ರಸಾರ ಶಕ್ತಿ) ಬಿಡುತ್ತಿದೆ ಅಂತ ಇಟ್ಟುಕೊಳ್ಳಿ. 20 ಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 8.7 ವೋಲ್ಟ್ ಬರುತ್ತದೆ. ನೆಲದ ಮೇಲೆ ನಿಂತ ಮನುಷ್ಯನಿಗೆ ಅಷ್ಟು ಸಿಗುವುದಿಲ್ಲ, ಆಂಟೆನಾ ತಲೆಯ ಮೇಲಿನಿಂದ ದೂರಕ್ಕೆ ನೋಡುತ್ತಿರುತ್ತದೆ. ಡ್ರೋನ್ ಹಾರುವುದು ಸರಿಯಾಗಿ ಆ ಎತ್ತರದಲ್ಲೇ. ಹಾಗಾಗಿ ಊರೊಳಗೆ ಹಾರುವ ಡ್ರೋನ್‌ಗೆ 3 ಸಾಲದು, 10 ಕೇಳಿ. ಟವರ್ ತಪಾಸಣೆಗೇ ಮಾಡಿದ ಡ್ರೋನ್ ಆದರೆ ಇನ್ನೂ ಮೇಲಕ್ಕೆ ಹೋಗಿ.

ಅಮೆರಿಕ ಸೇನೆಯ ಮಿಲ್-ಸ್ಟ್ಯಾಂಡರ್ಡ್-461ರ ಆರ್‌ಎಸ್103 ಟೆಸ್ಟಿನಲ್ಲಿ ವಿಮಾನದ ಹೊರಮೈಯ ಸಾಮಾನಿಗೆ 200 ವೋಲ್ಟ್ ತನಕ ಇರುತ್ತದೆ. 3ಕ್ಕೂ 200ಕ್ಕೂ ಶಕ್ತಿಯ ಲೆಕ್ಕದಲ್ಲಿ 4,000 ಪಟ್ಟಿಗಿಂತ ಹೆಚ್ಚು ಅಂತರ. ಸೇನೆಗೆ ಮಾರುವವರಿಗೆ ಅದು ಬೇಕು, ಟೆಂಡರಿನಲ್ಲಿ ಬರೆದಿರುತ್ತಾರೆ. ಬೆಳೆ ಸ್ಪ್ರೇ ಡ್ರೋನ್‌ಗೆ ಅದನ್ನು ಗುರಿ ಇಟ್ಟುಕೊಂಡರೆ ಶೀಲ್ಡಿನ ತೂಕಕ್ಕೇ ಔಷಧಿಯ ಲೀಟರ್ ಕಡಿಮೆಯಾಗುತ್ತದೆ. ವಿಮಾನದಲ್ಲಿ ಅಳವಡಿಸುವ ಸಾಮಾನಿಗೆ ಬರೆದ ಡಿಓ-160ಜಿ ಸ್ಟ್ಯಾಂಡರ್ಡ್ ಮಧ್ಯದ ದಾರಿ. ಅದನ್ನು ಪೂರ್ತಿ ಮಾಡದಿದ್ದರೂ 15ನೇ ವಿಭಾಗವನ್ನು ಮಾತ್ರ ಎತ್ತಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ: ಒಂದು ಸಾಮಾನನ್ನು ಕಂಪಾಸಿಗೆ ಎಷ್ಟು ಹತ್ತಿರ ತಂದರೆ ದಿಕ್ಕು 1 ಡಿಗ್ರಿ ತಪ್ಪುತ್ತದೆ ಅನ್ನುವ ಟೆಸ್ಟ್ ಅದು. ಮಂಡ್ಯದಲ್ಲಿ ನಮಗೆ ಬೇಕಾಗಿದ್ದದ್ದು ಅದೇ.

ಹೈಟೆನ್ಷನ್ ಲೈನ್ ತಪಾಸಣೆಗೆ ಹೋಗುವವರಿಗೆ ಲೆಕ್ಕವೇ ಬೇರೆ. ಅಲ್ಲಿ ಐಇಸಿ 61000-4-8ರ 50 ಹರ್ಟ್ಸ್ ಕಾಂತಕ್ಷೇತ್ರದ ಟೆಸ್ಟ್ ಸೇರಿಸಿ. ಅದರ ನಾಲ್ಕನೇ ಮಟ್ಟ ಮೀಟರಿಗೆ 30 ಆಂಪಿಯರ್, ಅಂದರೆ ಸುಮಾರು 38 ಮೈಕ್ರೋಟೆಸ್ಲಾ, ಹೆಚ್ಚು ಕಡಿಮೆ ಭೂಮಿಯ ಕಾಂತಕ್ಷೇತ್ರದಷ್ಟೇ. ಹೆಚ್ಚು ವೋಲ್ಟೇಜಿಗೆ ಲೈನಿನ ಸುತ್ತಲ ಗಾಳಿಯಲ್ಲಿ ವಿದ್ಯುತ್ ಸಿಡಿದು ಏಳುವ ಕರೋನಾ ಗದ್ದಲವನ್ನು ಮಾಮೂಲಿ ಚೇಂಬರ್ ತೋರಿಸುವುದಿಲ್ಲ, ಅದಕ್ಕೆ ಹೈವೋಲ್ಟೇಜ್ ಲ್ಯಾಬ್ ಬೇಕು. ಬೆಂಗಳೂರಿನ ಸಿಪಿಆರ್‌ಐನಲ್ಲಿ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಅಂಥದ್ದಿದೆ, ವಿಚಾರಿಸಿ.

ಸ್ಟ್ಯಾಂಡರ್ಡ್ ಯಾವುದೇ ಇರಲಿ, ಪಾಸು ಅಂದರೆ ಏನು ಅಂತ ನೀವೇ ಬರೆದುಕೊಡಿ. ಮನೆ ಸಾಮಾನಿನ ರೂಢಿಯಲ್ಲಿ ಬಿ ದರ್ಜೆ ಅಂತ ಒಂದಿದೆ: ಟೆಸ್ಟ್ ನಡೆಯುವಾಗ ಸ್ವಲ್ಪ ಕೆಟ್ಟರೂ ಆಮೇಲೆ ತಾನಾಗೇ ಸರಿಹೋದರೆ ಪಾಸು. ಟಿವಿಯ ಚಿತ್ರ ಒಂದು ಕ್ಷಣ ಹೋಗಿ ಬಂದರೆ ಪರವಾಗಿಲ್ಲ. ಡ್ರೋನ್ ಮೋಟರ್ ಒಂದು ಸೆಕೆಂಡ್ ನಿಂತರೆ ಅದು ಅಷ್ಟರಲ್ಲಿ ಐದು ಮೀಟರ್ ಬಿದ್ದಿರುತ್ತದೆ. ಅದಕ್ಕೇ ಟೆಸ್ಟ್ ಪ್ಲಾನಿನಲ್ಲಿ ಬಿಡಿಸಿ ಬರೆಯಿರಿ: ಯಾವ ಮೋಟರೂ ನಿಲ್ಲಬಾರದು, ವೇಗ ಇಷ್ಟಕ್ಕಿಂತ ಏರುಪೇರಾಗಬಾರದು, ದಿಕ್ಕು ಇಷ್ಟು ಡಿಗ್ರಿಗಿಂತ ತಪ್ಪಬಾರದು, ಲಿಂಕ್ ಹೋದರೆ ಫೇಲ್‌ಸೇಫ್ ಸರಿಯಾಗಿ ಕೆಲಸ ಮಾಡಬೇಕು. ಒಳಗಿನ ಫ್ಲೈಟ್ ಲಾಗನ್ನೂ ಲ್ಯಾಬಿನ ಗಡಿಯಾರವನ್ನೂ ಒಂದೇ ಸಮಯಕ್ಕೆ ಹೊಂದಿಸಿಟ್ಟರೆ ಯಾವ ಫ್ರೀಕ್ವೆನ್ಸಿಯಲ್ಲಿ ಏನಾಯಿತು ಅಂತ ಆಮೇಲೆ ಕೂತು ನೋಡಬಹುದು.

ಕಾಗದದ ಕೆಲಸ

ಇದನ್ನು ಬೇಗ ಮುಗಿಸುತ್ತೇನೆ. ರೇಡಿಯೋಗೆ ಡಬ್ಲ್ಯೂಪಿಸಿ (ರೇಡಿಯೋ ತರಂಗಗಳ ಪರವಾನಗಿ ನೋಡಿಕೊಳ್ಳುವ ಕೇಂದ್ರ ಸರ್ಕಾರದ ವಿಭಾಗ) ಕೊಡುವ ಇಟಿಎ ಅನುಮೋದನೆ ಬೇರೆ, ಇಎಂಸಿ ಟೆಸ್ಟ್ (ಈ ತನಕ ಹೇಳಿದ ಗದ್ದಲದ ಪರೀಕ್ಷೆಗಳು) ಬೇರೆ. ಒಂದು ಇದ್ದರೆ ಇನ್ನೊಂದು ಬೇಡ ಅಂದುಕೊಳ್ಳಬೇಡಿ. ಅಮೆರಿಕದ 915 ಮೆಗಾಹರ್ಟ್ಸ್ ಟೆಲಿಮೆಟ್ರಿ ರೇಡಿಯೋ (ಡ್ರೋನ್‌ನ ಮಾಹಿತಿಯನ್ನು ನೆಲಕ್ಕೆ ಕಳಿಸುವುದು) ಆನ್‌ಲೈನಿನಲ್ಲಿ ಸಿಗುತ್ತದೆ, ತರಬೇಡಿ. ಅದು 902ರಿಂದ 928ರ ತನಕ ಜಿಗಿಯುತ್ತದೆ, ನಮ್ಮಲ್ಲಿ 890ರಿಂದ 915 ಮೊಬೈಲ್ ಫೋನುಗಳು ಟವರಿಗೆ ಮಾತಾಡುವ ಜಾಗ. 865 ಮೆಗಾಹರ್ಟ್ಸ್ ಸುತ್ತಿನ ಲೈಸೆನ್ಸ್ ಬೇಡದ ಬ್ಯಾಂಡು, ಇಲ್ಲವೇ 2.4 ಗಿಗಾಹರ್ಟ್ಸ್, ಇವುಗಳಲ್ಲಿ ಆರಿಸಿಕೊಳ್ಳಿ. 2021ರ ಡ್ರೋನ್ ರೂಲ್ಸ್ ಪ್ರಕಾರ ಟೈಪ್ ಸರ್ಟಿಫಿಕೇಟ್ ಬೇಕಾದವರು, ಯಾವ ಸ್ಟ್ಯಾಂಡರ್ಡ್, ಯಾವ ಮಟ್ಟ, ಯಾವ ಲ್ಯಾಬಿನ ರಿಪೋರ್ಟ್ ಒಪ್ಪುತ್ತೀರಿ ಅಂತ ಚೇಂಬರ್ ಬುಕ್ ಮಾಡುವ ಮುಂಚೆ ನಿಮ್ಮ ಸರ್ಟಿಫಿಕೇಷನ್ ಬಾಡಿಯಿಂದ ಬರಹದಲ್ಲಿ ತರಿಸಿಕೊಳ್ಳಿ. ಬರೀ ಬ್ಯಾಟರಿಯಲ್ಲಿ ಓಡುವ ಡ್ರೋನ್‌ಗೆ ಕರೆಂಟ್ ಲೈನಿಗೆ ಹೋಗುವ ಗದ್ದಲದ ಟೆಸ್ಟ್ ಬೇಕಿಲ್ಲ, ಅದರ ಚಾರ್ಜರಿಗೆ ಬೇಕು. ಚಾರ್ಜರನ್ನು ಮನೆಯಲ್ಲೇ ಬಿಟ್ಟು ಬಂದು ಮತ್ತೊಂದು ದಿನದ ಬಾಡಿಗೆ ಕಟ್ಟಿದವರನ್ನು ನೋಡಿದ್ದೇನೆ.

ಹಾಗಾದರೆ ನೀವು ಯಾರು ಅನ್ನುವುದರ ಮೇಲೆ ಹೀಗೆ ಮಾಡಿ. ಕಾಲೇಜು ತಂಡ ಅಥವಾ ಹವ್ಯಾಸಿ ಆದರೆ ತಾರಸಿಯ ಜಿಪಿಎಸ್ ಟೆಸ್ಟು, ಕಂಪಾಸ್‌ಮಾಟು, ಒಂದು ಪ್ರೋಬು, ಚೇಂಬರ್ ಬೇಡವೇ ಬೇಡ. ಸ್ಪ್ರೇ ಡ್ರೋನ್ ಮಾರುವವರಾದರೆ ಇವೆಲ್ಲವನ್ನೂ ತುಂಬಿದ ಟ್ಯಾಂಕಿನಲ್ಲಿ ಮುಗಿಸಿ, ಆಮೇಲೆ 10 ವೋಲ್ಟ್ ಇಮ್ಯೂನಿಟಿ (ಹೊರಗಿನ ಹೊಡೆತ ತಡೆಯುವ ಟೆಸ್ಟ್), ಕೊನೆಗೆ ಎಮಿಷನ್ (ತಾನು ಹೊರಡಿಸುವ ಗದ್ದಲದ ಟೆಸ್ಟ್). ಊರೊಳಗೆ ಡೆಲಿವರಿ, ಟವರ್, ಪವರ್ ಲೈನ್ ಕೆಲಸದವರು ರಿವರ್ಬ್ ಚೇಂಬರ್ ಸಿಗುತ್ತದಾ ಅಂತ ಮೊದಲು ಹುಡುಕಿ. ಚೇಂಬರಿಗೆ ಹೋಗುವ ದಿನ ಚೀಲದಲ್ಲಿ ಬೇರೆ ಬೇರೆ ಅಳತೆಯ ಕ್ಲಿಪ್ ಫೆರೈಟ್, ತಾಮ್ರದ ಟೇಪು, ಗಿಡ್ಡ ಶೀಲ್ಡ್ ಕೇಬಲ್, ತುಂಬಿದ ಮೂರು ಸೆಟ್ ಬ್ಯಾಟರಿ, ಆರ್ಮ್ ಆಗುವ ಟೆಸ್ಟ್ ಫರ್ಮ್‌ವೇರ್ ಇರುವ ಲ್ಯಾಪ್‌ಟಾಪ್ ಇರಲಿ. ಮತ್ತೆ, ಚಾರ್ಜರ್.